ಹಳಿ ತಪ್ಪಿಸೋನ ಕಾಲು ಕತ್ತರಿಸಿದ್ದು

ಗೇರ್ ಸೈಕಲ್ಲಿನ ಹಿಂದಿನ ಚಕ್ರದ ಪಕ್ಕದಲ್ಲಿ ಬಾವಲಿ ಥರ ಒಂದು ನೇತಾಡ್ತಾ ಇರತ್ತಲ್ಲ, ಅದಕ್ಕೆ ಡಿರೇಲರ್ ಅಂತ ಹೆಸರು. ಫ್ರೆಂಚ್ ಪದ. ಕನ್ನಡಕ್ಕೆ ತಂದರೆ 'ಹಳಿ ತಪ್ಪಿಸೋನು'! ಚೈನನ್ನ ಒಂದು ಹಲ್ಲುಚಕ್ರದಿಂದ ಬೇಕಂತಲೇ ಹಳಿ ತಪ್ಪಿಸಿ ಪಕ್ಕದ್ದರ ಮೇಲೆ ಕೂರಿಸೋದು ಅದರ ಕೆಲಸ. ಟೂರ್ ಡಿ ಫ್ರಾನ್ಸ್ ರೇಸಿನವರು ಇದನ್ನ ಒಪ್ಕೊಂಡಿದ್ದು 1937ರಲ್ಲಿ. ಈಗ ನಮ್ಮ ಬೀದಿಯ ಐದನೇ ಕ್ಲಾಸಿನ ಹುಡುಗರ ಸೈಕಲ್ಲಿನಲ್ಲೂ ಇದೆ.

ನಂದು ಮಡಚೋ ಸೈಕಲ್ಲು. 20 ಇಂಚಿನ ಚಕ್ರ, ಮುಂದೆ 52 ಹಲ್ಲಿನ ಒಂದೇ ಒಂದು ಹಲ್ಲುಚಕ್ರ, ಹಿಂದೆ 14ರಿಂದ 28 ಹಲ್ಲಿನ ತನಕ ಏಳು. 2020ರಲ್ಲಿ ನಮ್ಮ ಮೆಟ್ರೋದವರು ಮಡಚೋ ಸೈಕಲ್ಲಿಗೆ ಅನುಮತಿ ಕೊಟ್ಟ ಮೇಲೆ ಸ್ಕೂಟರನ್ನ ತಮ್ಮನಿಗೆ ದಾಟಿಸಿ ಇದನ್ನ ತಗೊಂಡೆ. ಮನೆಯಿಂದ ಸ್ಟೇಷನ್ನಿಗೆ ನಾಲ್ಕು ಕಿಲೋಮೀಟರು, ಆ ಕಡೆ ಆಫೀಸಿಗೆ ಎರಡು. ಆಟೋದವರ ಹತ್ರ ಚೌಕಾಸಿ ಮಾಡೋ ಕರ್ಮ ತಪ್ಪಿತು ಅನ್ನೋದೇ ದೊಡ್ಡ ಸುಖ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ನೀರು ನಿಂತ ರಸ್ತೆಯಲ್ಲಿ ಬರ್ತಿದ್ದೆ. ನೀರಲ್ಲಿ ತೇಲ್ತಿದ್ದ ಪ್ಲಾಸ್ಟಿಕ್ ಕವರ್ ಒಂದು ಡಿರೇಲರ್‌ನ ಕೆಳಗಿನ ಪುಟ್ಟ ಗಾಲಿಗೆ ಸುತ್ತಿಕೊಳ್ತು. ಚೈನು ಕಚ್ಚಿಕೊಂಡು, ಇಡೀ ಸಾಮಾನು ಹಿಂದಕ್ಕೆ ಎಳೆದು, ಕಡ್ಡಿಗಳ ಕಡೆ ವಾಲಿತು. ಚಕ್ರ ಗಕ್ಕನೆ ನಿಂತಿತು. ಹಿಂದೆ ಬಸ್ಸು. ಡ್ರೈವರ್ ಪುಣ್ಯಾತ್ಮ ಬ್ರೇಕ್ ಹಾಕಿದ, ಹಾಕಿ ಬೈದ. ಬೈಗುಳ ಅಷ್ಟು ಹಿತವಾಗಿ ಕೇಳಿಸಿದ್ದು ಅದೇ ಮೊದಲು!

ಎರಡು ಕಡ್ಡಿ ಹೋಗಿತ್ತು, ಅದು ದೊಡ್ಡದಲ್ಲ. ಎದೆ ಝಲ್ ಅಂದಿದ್ದು ಬೇರೆ ಕಾರಣಕ್ಕೆ. ಡಿರೇಲರನ್ನ ನೇತುಹಾಕೋ ಕಿವಿ ಇದೆಯಲ್ಲ, ಹ್ಯಾಂಗರ್ ಅಂತಾರೆ, ಅದು ಕೆಲವು ಸೈಕಲ್ಲುಗಳಲ್ಲಿ ಬಿಚ್ಚಿ ಬೇರೆ ಹಾಕೋ ಹಾಗಿರತ್ತೆ. ನನ್ನದರಲ್ಲಿ ಅದು ಫ್ರೇಮಿನದೇ ಭಾಗ. ಅದು ಮುರಿದರೆ ಫ್ರೇಮೇ ಹೋದ ಹಾಗೆ. ಈ ಮಾಡೆಲ್ ಮಾರೋದನ್ನ ನಿಲ್ಲಿಸಿ ಆಗಲೇ ಎರಡು ವರ್ಷವಾಗಿದೆ. ಅವತ್ತು ಅದು ಬಾಗಿತ್ತು ಅಷ್ಟೇ. ಸ್ಟೀಲ್ ಆದ್ದರಿಂದ ಮತ್ತೆ ನೆಟ್ಟಗಾಯ್ತು. ಇನ್ನೆಷ್ಟು ಸಲ ಬಾಗಿಸಿ ನೆಟ್ಟಗೆ ಮಾಡಬಹುದು? ತಂತಿ ಮುರಿಯೋಕೆ ನಾವೇನ್ಮಾಡ್ತೀವಿ ಹೇಳಿ, ಅದನ್ನೇ ತಾನೆ!

ರಿಪೇರಿ ಭಾಯ್ ಹತ್ರ ಒಯ್ದಾಗ ಅವರು ಮೊದಲು ಅಂದಿದ್ದು, "ಸಾರ್, ಇದು ಸೈಕಲ್ ಅಲ್ಲ, ಸೂಟ್‌ಕೇಸು." ಆಮೇಲೆ ಕೆಳಗೆ ಕೂತು ನೋಡಿ, "ಹೊಸದು ಹಾಕ್ಕೊಡ್ತೀನಿ ಸಾರ್, ಆದ್ರೆ ನನ್ನ ಹತ್ರ ಇರೋದೆಲ್ಲ ಇದೇ ಥರ ಉದ್ದ. ಕೆಳಗೆ ಜಾಗವೇ ಇಲ್ವಲ್ಲ" ಅಂದರು.

ಮನೆಗೆ ಬಂದು ಸ್ಕೇಲು ಹಿಡಿದೆ. ದೊಡ್ಡ ಚಕ್ರದ ಸೈಕಲ್ಲಿನಲ್ಲಿ ಅಚ್ಚು ನೆಲದಿಂದ ಸುಮಾರು 34 ಸೆಂ.ಮೀ. ಎತ್ತರದಲ್ಲಿರತ್ತೆ. ನನ್ನದರಲ್ಲಿ 24. ಅಂದರೆ ಆ ಹತ್ತು ಸೆಂ.ಮೀ. ಪೂರ್ತಿ ಡಿರೇಲರ್ ಕಾಲಿನ ಕೆಳಗಿಂದಲೇ ಹೋಯ್ತು. ಕೇಜು (ಎರಡು ಪುಟ್ಟ ಗಾಲಿಗಳನ್ನ ಹಿಡಿದಿರೋ ಉದ್ದನೆಯ ತಗಡಿನ ಕಾಲು) ನೇರ ಕೆಳಗೆ ತೂಗೋ ಗೇರಿನಲ್ಲಿ ಅದರ ತುದಿಗೂ ನೆಲಕ್ಕೂ ಬರೀ ಐದೂವರೆ ಸೆಂ.ಮೀ.! ರೋಡ್ ಕಾಂಗ್ರೆಸ್ಸಿನ ಲೆಕ್ಕದ ಹಂಪೇ 10 ಸೆಂ.ಮೀ. ಎತ್ತರ. ನಮ್ಮ ಏರಿಯಾದ ಹಂಪುಗಳಿಗಂತೂ ಯಾವ ಲೆಕ್ಕವೂ ಇಲ್ಲ ಬಿಡಿ.

ಇಷ್ಟುದ್ದ ಕಾಲು ಯಾಕೆ ಬೇಕು ಅನ್ನೋದೇ ತಮಾಷೆಯ ವಿಷಯ. ಗೇರ್ ಬದಲಾದಾಗ ಸಡಿಲವಾಗೋ ಚೈನನ್ನ ಎಳೆದು ಹಿಡಿಯೋದು ಕೇಜಿನ ಕೆಲಸ. ಮೌಂಟನ್ ಬೈಕಿನಲ್ಲಿ ಮುಂದೆ 22ರಿಂದ 42, ಅಂದರೆ 20 ಹಲ್ಲಿನ ವ್ಯತ್ಯಾಸ. ಹಿಂದೆ 11ರಿಂದ 34, ಅದು 23. ಒಟ್ಟು 43 ಹಲ್ಲಿನಷ್ಟು ಸಡಿಲ. ಅದಕ್ಕೆ ಉದ್ದ ಕಾಲು ಬೇಕು. ನನ್ನ ಸೈಕಲ್ಲಿನಲ್ಲಿ ಮುಂದೆ ಒಂದೇ, ಹಿಂದೆ 28 ಕಳೆ 14, ಅಂದರೆ ಬರೀ ಹದಿನಾಲ್ಕು. ಗಿಡ್ಡ ಕಾಲೇ ಸಾಕೋ ಸಾಕು. ಕಾರ್ಖಾನೆಯವರು ಎಲ್ಲ ಸೈಕಲ್ಲಿಗೂ ಒಂದೇ ಅಗ್ಗದ ಸಾಮಾನು ಹಾಕಿ ಕೈ ತೊಳೆದುಕೊಳ್ತಾರೆ. 1962ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಸಣ್ಣ ಚಕ್ರದ ಸೈಕಲ್ಲು ತಂದಾಗ ಗೇರನ್ನ ಚಕ್ರದ ಹಬ್ ಒಳಗೇ ಇಟ್ಟಿದ್ದರು. ನೇತಾಡೋದೇ ಇಲ್ಲ. ಜಾಣತನ. ಆದರೆ ಅಂಥ ಹಬ್ ಹಾಕ್ಸೋಕೆ ಇಡೀ ಚಕ್ರ ಹೊಸದಾಗಿ ಕಟ್ಟಿಸಬೇಕು. ನನ್ನ ಜೇಬು ಅಷ್ಟು ಆಳವಿಲ್ಲ.

ಸರಿ, ಇದ್ದ ಕಾಲನ್ನೇ ಗಿಡ್ಡ ಮಾಡೋದು ಅಂತ ತೀರ್ಮಾನ. ಎರಡು ಗಾಲಿಗಳ ಬೋಲ್ಟಿನ ನಡುವೆ 90 ಮಿ.ಮೀ. ಇತ್ತು. ಎಷ್ಟಕ್ಕಿಳಿಸಬಹುದು? ಗಾಲಿಗೆ 11 ಹಲ್ಲು, ಒಂದೊಂದಕ್ಕೆ ಅರ್ಧ ಇಂಚು, ಅಂದರೆ ವ್ಯಾಸ ಸುಮಾರು 44.5 ಮಿ.ಮೀ. ಎರಡರ ನಡುವೆ ಚೈನು ತನಗೇ ತಾನು ತಾಗದೆ ಹಾದುಹೋಗೋಕೆ ಇನ್ನೊಂದು ಎಂಟೂವರೆ. ಕೂಡಿದರೆ 53. ಎರಡು ಮಿ.ಮೀ. ದಾನ ಸೇರಿಸಿ 55 ಅಂತ ಗುರುತು ಹಾಕಿದೆ. ಪುಣ್ಯಕ್ಕೆ ಆ ಜಾಗದಲ್ಲಿ ತಗಡು ಗಟ್ಟಿಯಾಗೇ ಇತ್ತು. ಕೆಲವು ಕೇಜುಗಳಲ್ಲಿ ನಡುವೆ ದೊಡ್ಡ ಕಿಟಕಿ ಕೊರೆದಿರ್ತಾರೆ, ಅಂಥದ್ದಕ್ಕೆ ಈ ಉಪಾಯ ನಡೆಯಲ್ಲ.

ಭಾನುವಾರ ಭಾಯ್ ಅಂಗಡಿಯ ವೈಸ್ ಕೇಳಿಕೊಂಡೆ. ಎರಡೂ ತಗಡನ್ನ ಬಿಚ್ಚಿ, ಒಂದರ ಮೇಲೊಂದು ಜೋಡಿಸಿ ಒಟ್ಟಿಗೇ ಕಚ್ಚಿಸಿದ್ದು. ಬೇರೆ ಬೇರೆ ಕೊರೆದರೆ ಗಾಲಿ ಓರೆಯಾಗಿ ಕೂರತ್ತೆ. ಸೆಂಟರ್ ಪಂಚ್ ಹೊಡೆದು, ಮೊದಲು 3 ಮಿ.ಮೀ., ಆಮೇಲೆ 5 ಮಿ.ಮೀ. ಬಿಟ್ಟಿನಲ್ಲಿ ತೂತು. ಹಳೇ ತೂತಿಗೆ ಮರೆ ಇತ್ತು, ಹೊಸದಕ್ಕೆ ಇಲ್ಲ. ಹಾಗಾಗಿ ಸ್ವಲ್ಪ ಉದ್ದದ ಬೋಲ್ಟ್ ಹಾಕಿ, ಹೊರಗಡೆಯಿಂದ ನೈಲಾಕ್ ನಟ್. ಕಡ್ಡಿಗಳ ಕಡೆ ಬೋಲ್ಟಿನ ತಲೆ ಮಾತ್ರ ಇರಬೇಕು, ಇದು ಮುಖ್ಯ. ಮಿಕ್ಕ ಬಾಲವನ್ನ ಹ್ಯಾಕ್‌ಸಾದಲ್ಲಿ ಕತ್ತರಿಸಿ ಅರ ಉಜ್ಜಿದ್ದು. ಚೈನು ಆಚೆ ಹೋಗದ ಹಾಗೆ ತಡೆಯೋ ಒಂದು ಸಣ್ಣ ಕಿವಿ ದಾರಿಗೆ ಅಡ್ಡ ಬರ್ತಿತ್ತು, ಅದನ್ನೂ ಅರ್ಧ ತೆಗೆದೆ. ಭಾಯ್ ಟೀ ಕುಡೀತಾ ನೋಡ್ತಿದ್ದವರು ಕೊನೆಗೆ, "ಕೊಡಿ ಸಾರ್, ನೀವು ಅರ ಹಿಡಿಯೋದು ನೋಡಿದ್ರೆ ಸಂಜೆಯಾಗತ್ತೆ" ಅಂತ ಕಸಿದುಕೊಂಡು ಐದು ನಿಮಿಷದಲ್ಲಿ ಮುಗಿಸಿದರು.

ಚೈನಿನಿಂದ ಒಂದು ಇಂಚು, ಅಂದರೆ ಎರಡು ಕೊಂಡಿ ತೆಗೀಬೇಕಾಯ್ತು. 28ರ ಮೇಲೆ ಹಾಕಿದಾಗ ಕೇಜು ಪೂರ್ತಿ ಮುಂದಕ್ಕೆ ಸೆಟೆದುಕೊಳ್ಳಬಾರದು, 14ರಲ್ಲಿ ಚೈನು ಜೋತು ಬೀಳಬಾರದು. ಎರಡೂ ಸರಿಯಾಗಿತ್ತು. ಗೇರ್ ಹೊಂದಿಸೋ ಗೊಡವೆಯೇ ಬರಲಿಲ್ಲ, ಯಾಕಂದ್ರೆ ಹಳಿ ತಪ್ಪಿಸೋ ಕೆಲಸ ಮಾಡೋದು ಮೇಲಿನ ಗಾಲಿ. ಅದನ್ನ ನಾವು ಮುಟ್ಟಿಯೇ ಇಲ್ಲ.

ನೆಲದಿಂದ ಎತ್ತರ ಈಗ ಒಂಬತ್ತು ಸೆಂ.ಮೀ. ಇನ್ನೊಂದು ಲಾಭ ಪುಕ್ಕಟೆ. ಒಳಗಿನ ಸ್ಪ್ರಿಂಗು ಅದೇ, ಕಾಲು ಮಾತ್ರ ಗಿಡ್ಡ. ಹಾಗಾಗಿ ಚೈನನ್ನ ಎಳೆಯೋ ಬಲ 90 ಭಾಗಿಸು 55, ಹತ್ತಿರ ಹತ್ತಿರ ಒಂದೂ ಮುಕ್ಕಾಲು ಪಟ್ಟಿಗಿಂತ ಚೂರು ಕಮ್ಮಿ. ಹಂಪ್ ಮೇಲೆ ಟಣಟಣ ಬಡಿಯೋ ಸದ್ದು ನಿಂತಿದೆ. ಸ್ಟೇಷನ್ನಿನಲ್ಲಿ ಮಡಚುವಾಗ ಚೈನು ಕಳಚಿ ಬಿದ್ದು ಕೈಯೆಲ್ಲ ಗ್ರೀಸ್ ಆಗ್ತಿತ್ತಲ್ಲ, ಅದೂ ಇಲ್ಲ. ತುಳಿಯೋಕೆ ಕೊಂಚ ಭಾರ ಅನ್ನಿಸತ್ತೇನೋ ಅಂತ ಹೆದರಿದ್ದೆ, ನನ್ನ ಕಾಲಿಗೆ ಗೊತ್ತಾಗಿಲ್ಲ.

ಮೂರು ತಿಂಗಳಾಯ್ತು, ನಡುವೆ ಎರಡು ಜೋರು ಮಳೆ ಬಂದು ಹೋಯ್ತು. ಹ್ಯಾಂಗರ್ ನೆಟ್ಟಗಿದೆ, ಪ್ರತಿ ವಾರ ಸ್ಕೇಲ್ ಇಟ್ಟು ನೋಡ್ತೀನಿ. ಮೊನ್ನೆ ಭಾಯ್ ಫೋನ್ ಮಾಡಿದ್ದರು. ಯಾರೋ ಗಿರಾಕಿ 16 ಇಂಚಿನ ಚಕ್ರದ್ದು ತಂದಿದ್ದಾರಂತೆ, "ಆ ನಿಮ್ಮ 55ರ ಲೆಕ್ಕ ಇದಕ್ಕೂ ನಡೆಯತ್ತಾ ಸಾರ್?" ಅಂತ. ಅದರ ಅಚ್ಚು ಇನ್ನೂ ಕೆಳಗಿರತ್ತೆ. ಹತ್ತು ಹಲ್ಲಿನ ಗಾಲಿ ಸಿಕ್ಕರೆ ಇನ್ನೂ ನಾಲ್ಕು ಮಿ.ಮೀ. ಉಳಿಸಬಹುದು. ನಿಮ್ಮಲ್ಲಿ ಯಾರ ಹತ್ರವಾದ್ರೂ 16 ಇಂಚಿನದ್ದು ಇದ್ದರೆ ಕೇಜಿನ ತುದಿಯಿಂದ ನೆಲಕ್ಕೆ ಎಷ್ಟಿದೆ ಅಂತ ಅಳೆದು ಹೇಳ್ತೀರಾ? ಟಯರಿನಲ್ಲಿ ಗಾಳಿ ಪೂರ್ತಿ ಇರಲಿ.