ಕ್ರಿಯಾಪದದ ಬಾಲ

ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳಿಗೆ ನಾನು ಹೆದರುವವನಲ್ಲ. ಅವು ಜರಿಪೇಟದ ನೆಂಟರ ಹಾಗೆ. ನಿಘಂಟು ತೆರೆದರೆ ತಮ್ಮ ಕುಲಗೋತ್ರವನ್ನೆಲ್ಲ ತಾವೇ ಹೇಳಿಕೊಳ್ಳುತ್ತವೆ. ಭಯವೇನಿದ್ದರೂ ಚಿಲ್ಲರೆ ಮಾತುಗಳದು. ‘ಟೇಕ್’ ಎಂದರೆ ತೆಗೆದುಕೊಳ್ಳುವುದೆಂದು ಶಾಲೆಯ ಹುಡುಗರೂ ಬಲ್ಲರು. ಅದರ ಬೆನ್ನಿಗೆ ‘ಆಫ್’ ಎಂಬ ಪುಟ್ಟ ಬಾಲವೊಂದನ್ನು ಸೇರಿಸಿ ನೋಡಿ! ಅಂಗಿ ಬಿಚ್ಚುವುದೂ ಟೇಕ್ ಆಫ್, ವಿಮಾನ ಏರುವುದೂ ಟೇಕ್ ಆಫ್. ಕೆಲಸಕ್ಕೆ ರಜ ಹಾಕುವುದು, ಬೆಲೆಯಲ್ಲಿ ನಾಲ್ಕು ಕಾಸು ಬಿಡುವುದು, ವ್ಯಾಪಾರ ಕುದುರುವುದು, ಇನ್ನೊಬ್ಬರ ಮಾತು ನಡಿಗೆಗಳನ್ನು ಅಣಕಿಸುವುದು, ಕಡೆಗೆ ಹೇಳದೆ ಕೇಳದೆ ಕಂಬಿ ಕೀಳುವುದು – ಎಲ್ಲವೂ ಅದೇ.

ಈ ಬಾಲದ ಮಹಿಮೆಯನ್ನು ನಾನು ಹತ್ತಿರದಿಂದ ಕಂಡದ್ದು ತುರ್ಕಿಯ ರಾಜಧಾನಿ ಅಂಕಾರಾದಲ್ಲಿ. ಕೆಲವು ವರ್ಷಗಳ ಹಿಂದೆ ಅಲ್ಲಿ ಸಂಜೆಯ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂಗಡಿಯವರು, ದಾದಿಯರು, ಪರೀಕ್ಷೆಗೆ ಕಟ್ಟಿದ ಹುಡುಗಿಯರು, ಅವರ ನಡುವೆ ರೈಲ್ವೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ನನ್ನನ್ನು ‘ಹೊಜಾಮ್’ ಎಂದೇ ಕರೆಯುತ್ತಿದ್ದರು. ‘ನನ್ನ ಗುರುವೇ’ ಎಂದು ಅದರ ಅರ್ಥ.

ತುರ್ಕಿ ಭಾಷೆಗೂ ನಮ್ಮದಕ್ಕೂ ರಕ್ತಸಂಬಂಧವಿಲ್ಲ. ಆದರೆ ನಡಿಗೆಯಲ್ಲಿ ಮಾತ್ರ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಎರಡರಲ್ಲೂ ಕ್ರಿಯಾಪದ ಮನೆಯ ಯಜಮಾನನಂತೆ ವಾಕ್ಯದ ಕೊನೆಯಲ್ಲಿ ಬರುತ್ತದೆ. ಎರಡರಲ್ಲೂ ಪ್ರತ್ಯಯಗಳು ಧಾತುವಿಗೆ ಸಾಲಾಗಿ ಅಂಟಿಕೊಳ್ಳುತ್ತವೆ. ನಾವು ‘ಮಾಡಿಸಲಿಲ್ಲ’ ಎಂದು ಒಂದೇ ಉಸಿರಿನಲ್ಲಿ ಹೇಳುವುದನ್ನು ಅವರು ‘ಯಾಪ್ತಿರ್ಮದಿ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಾವು ಏಟು ತಿನ್ನುತ್ತೇವೆ, ಅವರೂ ತಿನ್ನುತ್ತಾರೆ. ನಮ್ಮಲ್ಲಿ ಲಂಚವನ್ನೂ ತಿನ್ನುವವರುಂಟು. ತುರ್ಕಿಯಲ್ಲೂ ಆ ಪದಾರ್ಥಕ್ಕೆ ಅದೇ ಕ್ರಿಯಾಪದ!

ಇಂಥ ಭಾಷೆಯಲ್ಲಿ ಹುಟ್ಟಿ ಬೆಳೆದವರಿಗೆ ಇಂಗ್ಲಿಷಿನ ಬಾಲ ವಿಚಿತ್ರವಾಗಿ ಕಂಡರೆ ಆಶ್ಚರ್ಯವೇನು? ಅದು ಧಾತುವಿಗೆ ಅಂಟಿಕೊಂಡಿರುವುದೂ ಇಲ್ಲ. ‘ಟೇಕ್ ಆಫ್ ಯುವರ್ ಷೂಸ್’ ಎನ್ನಬಹುದು, ‘ಟೇಕ್ ಯುವರ್ ಷೂಸ್ ಆಫ್’ ಎಂದರೂ ಸರಿ. ಆದರೆ ಷೂಸಿಗೆ ಬದಲು ‘ದೆಮ್’ ಎಂದಿರೋ, ಅದು ನಡುವೆಯೇ ಕೂರಬೇಕು. “ಹೊಜಾಮ್, ನಮ್ಮ ಬಾಲ ಎತ್ತಿನ ಜೊತೆಗೇ ಹೋಗುತ್ತದೆ. ಈ ಇಂಗ್ಲಿಷರ ಬಾಲ ಎತ್ತನ್ನು ಬಿಟ್ಟು ಬೇರೆ ಬೀದಿಯಲ್ಲಿ ತಿರುಗುತ್ತದಲ್ಲ!” ಎಂದು ಆ ಹಿರಿಯರು ನಗುತ್ತಿದ್ದರು.

ಒಂದು ಸಂಜೆ ಅವರೇ ಕೇಳಿದರು: “ಟೇಕ್ ಆಫ್ ಎಂದರೆ ವಿಮಾನ ಏರುವುದು, ಬಲ್ಲೆ. ಬೇರೆ ಅರ್ಥವೂ ಉಂಟೆ?”

ನನಗೆ ಹುರುಪು ಬಂತು. ಹಲಗೆಯ ಮೇಲೆ ಒಂದೊಂದಾಗಿ ಬರೆದೆ. ಅವರ ಭಾಷೆಯ ಜೋಡಿಯನ್ನು ತರಗತಿಯವರೇ ಹೇಳುತ್ತ ಬಂದರು. ಷೂಸು ಕಳಚುವುದಕ್ಕೆ ‘ಚಿಕರ್‌ಮಕ್’. ಅವರ ಮನೆಗಳಲ್ಲೂ ನಮ್ಮಂತೆಯೇ ಬಾಗಿಲಲ್ಲಿ ಕಾಲ್ಮರೆ ಬಿಡುವ ಪದ್ಧತಿ. ಈ ಅರ್ಥ ಎಲ್ಲರಿಗೂ ಕೂಡಲೆ ಹಿಡಿಸಿತು. ವಿಮಾನಕ್ಕೆ ‘ಕಲ್ಕ್‌ಮಕ್’, ಎಂದರೆ ಏಳುವುದು. ಹಾಸಿಗೆಯಿಂದ ಮನುಷ್ಯ ಏಳುವುದಕ್ಕೂ, ಬಸ್ಸು ಹೊರಡುವುದಕ್ಕೂ, ನಿಷೇಧ ರದ್ದಾಗುವುದಕ್ಕೂ, ಮನೆಯಿಂದ ಹೆಣ ಏಳುವುದಕ್ಕೂ ಅದೇ ಮಾತು. ರಜಕ್ಕೆ ‘ಇಜಿನ್ ಅಲ್ಮಕ್’, ಅಪ್ಪಣೆ ಪಡೆಯುವುದು. ನಮ್ಮ ‘ರಜ’ವೂ ಮೂಲದಲ್ಲಿ ಒಪ್ಪಿಗೆ ಎಂಬರ್ಥದ ಅರಬ್ಬಿ ಮಾತೇ, ಅದು ‘ರಿಜಾ’ ಎಂಬ ರೂಪದಲ್ಲಿ ತುರ್ಕಿಯವರಲ್ಲೂ ಉಳಿದಿದೆ. ಹೇಳದೆ ಓಡಿಹೋಗುವುದಕ್ಕೆ ಹಿಂದಿನ ಬೆಂಚಿನ ಹುಡುಗ ‘ತೋಜ್ ಒಲ್ಮಕ್’ ಎಂದ. ಧೂಳಾಗುವುದು! ತರಗತಿಯೆಲ್ಲ ನಕ್ಕಿತು. ಹಿರಿಯರು ಮಾತ್ರ ಪೆನ್ಸಿಲನ್ನು ಕೆಳಗಿಟ್ಟರು.

ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ, ಒಂದು ಚಿತ್ರವನ್ನು ನೆನಪಿಡಿ ಎಂದೆ ನಾನು. ಅಂಟಿಕೊಂಡಿದ್ದದ್ದು ಬಿಟ್ಟು ಹೋಗುವುದು: ಮೈಯಿಂದ ಅಂಗಿ, ನೆಲದಿಂದ ವಿಮಾನ, ಕೆಲಸದಿಂದ ಒಂದು ದಿನ, ಬೆಲೆಯಿಂದ ಒಂದಷ್ಟು ಹಣ, ಮನೆಯಿಂದ ಮನುಷ್ಯ. ಅಣಕದ ಅರ್ಥ ಈ ದಾರಕ್ಕೆ ಸಿಕ್ಕುವುದಿಲ್ಲ. ಅದು ಹಾಗೆಯೇ ಇರಲಿ.

ಪಾಠ ಮುಗಿದು ಎಲ್ಲರೂ ಹೋದ ಮೇಲೆ ಹಿರಿಯರು ಕುಳಿತೇ ಇದ್ದರು. ಅವರ ಮಗಳು ಲಂಡನ್ನಿನಲ್ಲಿ ಒಬ್ಬ ಇಂಗ್ಲಿಷ್‌ನವನನ್ನು ಮದುವೆಯಾಗಿದ್ದಳು. ಏಳು ವರ್ಷದ ಮೊಮ್ಮಗನಿಗೆ ತುರ್ಕಿ ಅಷ್ಟಕ್ಕಷ್ಟೆ. ನಡುವೆ ದುಭಾಷಿಯಿಲ್ಲದೆ ಅವನೊಡನೆ ಮಾತಾಡಬೇಕೆಂದೇ ಇವರು ಈ ವಯಸ್ಸಿನಲ್ಲಿ ಪುಸ್ತಕ ಹಿಡಿದದ್ದು. ಹೋದ ವಾರ ಫೋನಿನಲ್ಲಿ “ಅಪ್ಪ ಎಲ್ಲಿ?” ಎಂದು ಕೇಳಿದಾಗ ಹುಡುಗ “ಡ್ಯಾಡ್ ಟುಕ್ ಆಫ್” ಎಂದಿದ್ದನಂತೆ. ವಿಮಾನ ಯಾವ ಊರಿಗೆ ಎಂದು ಇವರು ಸಂತೋಷವಾಗಿ ಕೇಳಿದರಂತೆ. ಹುಡುಗ ಮಾತಾಡಲಿಲ್ಲ.

“ಮಗಳು ನನ್ನ ಹತ್ತಿರ ಮುಚ್ಚಿಟ್ಟಿದ್ದಾಳೆ, ಹೊಜಾಮ್. ಮಗು ಮುಚ್ಚಿಡಲಿಲ್ಲ. ಅದು ಹೇಳಿದ್ದು ನನಗೆ ಕೇಳಿಸಲಿಲ್ಲ, ಅಷ್ಟೆ” ಎಂದರು.

ಏನು ಹೇಳಲಿ? ತರಗತಿಯ ನಗು ಇನ್ನೂ ಗೋಡೆಯಿಂದ ಇಳಿದಿರಲಿಲ್ಲ. ಹಲಗೆಯ ಮೇಲಿನ ಏಳು ಅರ್ಥಗಳಲ್ಲಿ ಒಂದು ಬಂದು ನಮ್ಮಿಬ್ಬರ ನಡುವೆ ಕುಳಿತುಬಿಟ್ಟಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಮತ್ತೆ ಪೆನ್ಸಿಲ್ ತೆಗೆದುಕೊಂಡು ‘ಕಲ್ಕಿಪ್ ಗೆಲಿರಿಮ್’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಕೇಳಿದರು. ಅಕ್ಷರಕ್ಕೆ ಅಕ್ಷರ ನಮ್ಮ ‘ಎದ್ದು ಬರುತ್ತೇನೆ’. ಕನ್ನಡಿಗನ ಕಿವಿಗೆ ಅದಕ್ಕೆ ವ್ಯಾಖ್ಯಾನ ಬೇಕೆ? ಮಾಡುತ್ತಿದ್ದುದನ್ನು ಅಲ್ಲಿಗೇ ಬಿಟ್ಟು, ದೂರವನ್ನು ಲೆಕ್ಕಿಸದೆ ಬರುವ ಮನಸ್ಸೆಲ್ಲ ಆ ‘ಎದ್ದು’ ಎಂಬುದರಲ್ಲಿದೆ.

“ಐ ಆಮ್ ಕಮಿಂಗ್” ಎಂದು ಬರೆದುಕೊಟ್ಟೆ. ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು.

“ಇದರಲ್ಲಿ ಏಳುವುದು ಎಲ್ಲಿದೆ?”

“ಅವರು ಬರುವುದನ್ನಷ್ಟೇ ಹೇಳುತ್ತಾರೆ.”

“ಆಗಲಿ. ಏಳುವುದು ಹೇಗೂ ನನ್ನ ಕೆಲಸ” ಎಂದು ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡರು.

ವೀಸಾದ ಓಡಾಟ ಮುಗಿಯುವ ಹೊತ್ತಿಗೆ ಚಳಿಗಾಲ ಬಂದಿತ್ತು. ಅವರ ಬೆಂಚು ಖಾಲಿಯಾಯಿತು. ಪುಸ್ತಕ ಮಾತ್ರ ಅಲ್ಲಿಯೇ ಇತ್ತು; ಬಹುಶಃ ಅದರ ಅಗತ್ಯ ತೀರಿತ್ತು. ಮುಂದಿನ ಪಾಠದಲ್ಲಿ ಹುಡುಗಿಯೊಬ್ಬಳು ಟೇಕ್ ಆಫ್‌ಗೆ ಒಟ್ಟು ಎಷ್ಟು ಅರ್ಥ ಎಂದು ಕೇಳಿದಳು. ನಿಘಂಟಿನಲ್ಲಿ ಎಣಿಸಿ ಹೇಳಬಹುದಿತ್ತು. ಹೇಳುವವರಾರು, ಯಾರಿಗೆ, ಯಾವ ಹೊತ್ತಿನಲ್ಲಿ ಎಂಬುದನ್ನು ಮೊದಲು ಕೇಳಿಕೊಳ್ಳಮ್ಮ, ಅರ್ಥ ಹಿಂದೆಯೇ ಬರುತ್ತದೆ ಎಂದೆ.