ಬ್ರಹ್ಮಾವರದಿಂದ ಮತ್ತಿಕೆರೆಗೆ, ಈ ಸಲ ಹಗಲಿನಲ್ಲಿ

ಮತ್ತಿಕೆರೆಯಲ್ಲಿ ನಮ್ಮದು ಒಂದು ರೂಮು, ಒಂದು ಪುಟ್ಟ ಅಡುಗೆಮನೆ. ಓದು ಮುಗಿಸಿ ಬೆಂಗಳೂರಿಗೆ ಬಂದಾಗಿನಿಂದ ಗೆಳೆಯನೂ ನಾವೂ ಅಲ್ಲೇ. ಅವನ ಊರು ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರ. ರಜೆ ಸಿಕ್ಕಾಗ ಅವನ ಜೊತೆ ನಾವೂ ಹೋಗುವುದು ರೂಢಿ. ರಾತ್ರಿ ಬಸ್ ಹತ್ತುವುದು, ಹೊದ್ದು ಮಲಗುವುದು. ಬರುವಾಗಲೂ ಅಷ್ಟೇ. ಶಿರಾಡಿ ಘಾಟಿ ಹತ್ತಿದ್ದು ಗೊತ್ತಿಲ್ಲ, ಹಾಸನ ದಾಟಿದ್ದು ಗೊತ್ತಿಲ್ಲ. "ಗೊರಗುಂಟೆಪಾಳ್ಯ, ಯಶವಂತಪುರ ಇಳ್ಕೊಳ್ಳಿ" ಎಂದು ಕೂಗಿದಾಗಲೇ ಎಚ್ಚರ.

ಈ ಡಿಸೆಂಬರಿನಲ್ಲಿ ಹಾಗಾಗಲಿಲ್ಲ. ಮಲ್ಪೆ ಬೀಚಿನಲ್ಲಿ ಚುರುಮುರಿ ತಿನ್ನುತ್ತಾ ಕೂತಿದ್ದಾಗ ಗೆಳೆಯ ಹೇಳಿದ: "ಬಸ್ ಬೇಡ ಮಾರಾಯ, ಅಪ್ಪನ ಓಮ್ನಿಯಲ್ಲೇ ಹೋಗುವ. ಬರುವಾಗ ನನ್ನ ಸಾಮಾನು ತರ್ಬೇಕು." ಅಪ್ಪನಿಗೆ ಮಂಡಿನೋವು. ಅಡಿಕೆ ಕೊನೆ ಇಳಿಸುವವರು ಸಿಗುವುದಿಲ್ಲ. ಸಂಕ್ರಾಂತಿಯಿಂದ ಅವನು ಊರಿನಲ್ಲೇ. ನಮಗೆ ಏನು ಹೇಳಬೇಕೆಂದು ತೋಚಲಿಲ್ಲ. "ಹಾಗಾದ್ರೆ ನಿಧಾನವಾಗಿ ಹೋಗೋಣ" ಅಂದೆವು.

ಬೆಳಿಗ್ಗೆ ಹೊರಡುವಾಗ ಅವನ ಅಮ್ಮ ಒಂದು ಚೀಲ ಮಟ್ಟುಗುಳ್ಳ ಕೊಟ್ಟರು. ಉಡುಪಿ ಹತ್ತಿರದ ಮಟ್ಟು ಊರಿನ ಹಸಿರು ಬದನೆ ಅದು. 2011ರಲ್ಲಿ ಜಿಐ ಗುರುತು ಸಿಕ್ಕಿದೆ. ಅಂಗಳದ ತುಂಬ ಹಣ್ಣಡಿಕೆ ಹರಡಿತ್ತು. ಕರಾವಳಿಯಲ್ಲಿ ಅಡಿಕೆಯನ್ನು ಸಿಪ್ಪೆ ಸಮೇತ ಸುಮಾರು ಒಂದೂವರೆ ತಿಂಗಳು ಒಣಗಿಸಿ, ಆಮೇಲೆ ಸುಲಿದು ಚಾಲಿ ಮಾಡುತ್ತಾರೆ. "ಘಾಟಿಯಲ್ಲಿ ಜಾಗ್ರತೆ ಮಕ್ಳೇ" ಅಂದರು ಅಮ್ಮ. ಅಪ್ಪ ಜಗಲಿಯಲ್ಲೇ ಕೂತು ಕೈ ಎತ್ತಿದರು.

ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ. 14 ತಿರುವು. ಇಲ್ಲಿ ಭಾರೀ ಲಾರಿಗಳನ್ನು ಬಿಡುವುದಿಲ್ಲ, ಹಾಗಾಗಿ ನಮ್ಮ ಓಮ್ನಿಗೂ ಧೈರ್ಯ. ಕೆಳಗೆ ಸೆಖೆ, ಮೇಲೆ ಹೋದ ಕೂಡಲೇ ಚಳಿ. ಮಳೆಗಾಲದಲ್ಲಿ ದಿನಗಟ್ಟಲೆ ಬಿಸಿಲು ಕಾಣದ ಊರಿನಲ್ಲಿ ಎಳೆಬಿಸಿಲಿಗೆ ನಿಂತು ಚಹಾ ಕುಡಿದೆವು.

ತೀರ್ಥಹಳ್ಳಿ ಇನ್ನೂ ಸ್ವಲ್ಪ ದೂರ ಇರುವಾಗ ರಸ್ತೆ ಪಕ್ಕದ ಮನೆಯಂಗಳದಲ್ಲಿ ಹೊಗೆ ಏಳುತ್ತಿತ್ತು. ಅಡಿಕೆ ಬೇಯಿಸುತ್ತಿದ್ದರು. ಮಲೆನಾಡಿನಲ್ಲಿ ಹಣ್ಣಾಗುವ ತನಕ ಕಾಯುವುದಿಲ್ಲ. ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುತ್ತಾರೆ. ಗೆಳೆಯ ಗಾಡಿ ನಿಲ್ಲಿಸಿದ. ಮನೆಯ ಯಜಮಾನರು "ಬನ್ನಿ, ಬನ್ನಿ" ಎಂದು ತೋಟಕ್ಕೇ ಕರೆದುಕೊಂಡು ಹೋದರು. ಸೋಗೆಯ ಮೇಲೆಲ್ಲ ಕಂದು ಚುಕ್ಕಿ. ಎಲೆಚುಕ್ಕಿ ರೋಗ. ಒಂದು ಬಗೆಯ ಶಿಲೀಂಧ್ರ ಇದು. ಎಲೆ ಒಣಗಿದ ಮರಕ್ಕೆ ಫಸಲು ಕಟ್ಟುವ ಶಕ್ತಿ ಇರುವುದಿಲ್ಲ.

ಎಲೆಚುಕ್ಕಿ ಬಗ್ಗೆ ಕಳೆದ ವರ್ಷ ನಾವೂ ಬರೆದಿದ್ದೆವು. ಮತ್ತಿಕೆರೆಯ ರೂಮಿನಲ್ಲಿ ಕೂತು, ಮೂರು ಫೋನ್ ಮಾಡಿ. ರೋಗ ಬಂದ ಎಲೆಯನ್ನು ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲು. ಅಭ್ಯಾಸಬಲದಿಂದ ನೋಟ್‌ಬುಕ್ ತೆಗೆದು "ಎಷ್ಟು ಎಕರೆ, ಎಷ್ಟು ನಷ್ಟ?" ಎಂದು ಕೇಳಿದೆವು. ಗೆಳೆಯ ಕೇಳಿದ್ದು ಬೇರೆ. "ಸೋಗೆ ಕಡಿದು ಸುಟ್ರಾ? ಅಷ್ಟು ಎತ್ತರಕ್ಕೆ ಔಷಧಿ ಹೊಡೆಯಲಿಕ್ಕೆ ಜನ ಸಿಗ್ತಾರಾ? ಪಕ್ಕದ ತೋಟದವರು ಹೊಡೆಯದಿದ್ರೆ ಎಂತ ಮಾಡ್ತೀರಿ?" ಯಜಮಾನರು ನಮಗೆ ಕೊಟ್ಟ ಉತ್ತರ ಒಂದು ಸಾಲು. ಅವನ ಜೊತೆ ಮಾತಾಡಿದ್ದು ಅರ್ಧ ಗಂಟೆ. ನಾವು ನೋಟ್‌ಬುಕ್ ಮುಚ್ಚಿ ಕೇಳಿಸಿಕೊಂಡೆವು.

ಶಿವಮೊಗ್ಗ, ತರೀಕೆರೆ, ಕಡೂರು. ಅಡಿಕೆ ಕಮ್ಮಿಯಾಗುತ್ತಾ ತೆಂಗು ಹೆಚ್ಚಾಯಿತು. ಅರಸೀಕೆರೆ ದಾಟಿ ತಿಪಟೂರಿನ ಹತ್ತಿರ ಎಳನೀರಿಗೆ ನಿಂತೆವು. ಮಾರುವವರದೇ ತೋಟ. ಉಂಡೆ ಕೊಬ್ಬರಿ ಹೇಗಾಗುತ್ತದೆಂದು ಅವರು ಹೇಳಿದರು. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟುವ ಹಾಗಿಲ್ಲ. ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. "ಅವಸರ ಮಾಡಿದ್ರೆ ಕೊಬ್ರಿ ಆಗಲ್ಲ ಸ್ವಾಮಿ" ಅಂದರು. ಗೆಳೆಯ ನಮ್ಮ ಮುಖ ನೋಡಿ ನಕ್ಕ. ಇಡೀ ದಿನದಲ್ಲಿ ಅವನು ನಕ್ಕಿದ್ದು ಅದೇ ಮೊದಲು.

ಕತ್ತಲಾದ ಮೇಲೆ ಗಾಡಿಯಲ್ಲಿ ಮಾತು ಬಂತು. ಬರೆಯುವುದನ್ನು ಬಿಡಬೇಕಲ್ಲ ಎಂಬ ಸಂಕಟ ಅವನಿಗೆ. ಬರೆಯಬೇಕಾದದ್ದೆಲ್ಲ ನೀನು ಹೋಗುವ ಕಡೆಯೇ ಇದೆಯಲ್ಲೋ ಎಂದೆವು. ಅವನನ್ನು ಸಮಾಧಾನ ಮಾಡಲು ಹೇಳಿದ ಮಾತಲ್ಲ. ಊರಿನ ಸುದ್ದಿ ಬರೆಯುತ್ತೇವೆ ಎನ್ನುವ ನಾವು ಇಷ್ಟು ವರ್ಷ ಊರುಗಳನ್ನೆಲ್ಲ ನಿದ್ದೆಯಲ್ಲೇ ದಾಟಿದ್ದೆವು. ಅವತ್ತು ಹಗಲಿನಲ್ಲಿ ಬಂದದ್ದರಿಂದ ಅದು ಗೊತ್ತಾಯಿತು.

ನೆಲಮಂಗಲದ ಟೋಲ್ ಹತ್ತಿರ ಅವನು "ಮನೆ ಬಂತು" ಅಂದ. ಆಮೇಲೆ ಸುಮ್ಮನಾದ.

ಮತ್ತಿಕೆರೆ ತಲುಪುವಾಗ ರಾತ್ರಿ ಹತ್ತು. ಬೀದಿಯ ಕೊನೆಯಲ್ಲಿ ತಳ್ಳುಗಾಡಿಯವರು ಉಳಿದ ಅವರೆಕಾಯಿ ಕಟ್ಟಿಡುತ್ತಿದ್ದರು. ಎರಡು ಕೆಜಿ ತಗೊಂಡು ರೂಮಿನಲ್ಲಿ ಸುಲಿಯುತ್ತಾ ಕೂತೆವು. ಮರುದಿನ ಅವರೆಕಾಳಿಗೆ ಮಟ್ಟುಗುಳ್ಳ ಹಾಕಿ ಹುಳಿ ಮಾಡಿದ. ಊಟ ಮಾಡಿ, ಸಾಮಾನು ಹೇರಿ, ಸಂಜೆ ಹೊರಟ. ಒಂದು ಪಾತ್ರೆ, ಅರ್ಧ ಚೀಲ ಗುಳ್ಳ ನಮಗೆ ಬಿಟ್ಟುಹೋದ.

ಅಡಿಕೆ ತೋಟದ ಸುದ್ದಿ ಇನ್ನು ಮೇಲೆ ಅವನೇ ಬರೆಯುತ್ತಾನೆ, ಒಪ್ಪಿದ್ದಾನೆ. ನಾವು ಅವನಲ್ಲಿಗೆ ಹೋಗುವುದು ಹಗಲು ಬಸ್ಸಿನಲ್ಲಿ. ನಿಮ್ಮ ಊರು ಆ ದಾರಿಯಲ್ಲಿದ್ದರೆ ಹೇಳಿ, ಇಳಿದು ಬರುತ್ತೇವೆ.