ಕಾಲಿಗೆ ನೀರು

ಕುಶಾಲನಗರದ ಚಿಕ್ಕಮ್ಮನ ಮನೆಯ ಹೊರಗೋಡೆಯಲ್ಲಿ ಎರಡು ಕಂದು ಗೆರೆಗಳಿವೆ. ಒಂದು 2018ರ ಆಗಸ್ಟಿನದು, ಇನ್ನೊಂದು 2019ರದು. ಮೇಲಿನದು ಯಾವ ವರ್ಷದ್ದೆಂದು ಚಿಕ್ಕಪ್ಪನಿಗೂ ಚಿಕ್ಕಮ್ಮನಿಗೂ ಇನ್ನೂ ಜಗಳ. ಸುಣ್ಣ ಬಳಿಯಲು ಬಂದವನಿಗೆ ಅವನ್ನು ಮುಟ್ಟಲು ಬಿಡಲಿಲ್ಲವಂತೆ.

ಬಡಾವಣೆ ಹೊಳೆಯ ಮಗ್ಗುಲಲ್ಲೇ ಇದೆ. ಭಾಗಮಂಡಲದ ಕಡೆ ಸುರಿದದ್ದೆಲ್ಲ ಇಲ್ಲಿಗೆ ಬರಲೇಬೇಕು. ಅದರ ಮೇಲೆ ಹಾರಂಗಿಯ ಗೇಟು ತೆರೆದರೆ, ಕೆಳಗೆ ಕೂಡಿಗೆಯ ಸಂಗಮದಲ್ಲಿ ಜಾಗ ಸಾಲದೆ ಕಾವೇರಿ ಹಿಂದಕ್ಕೆ ಒತ್ತುತ್ತಾಳೆ ಎಂಬುದು ಊರವರ ಲೆಕ್ಕ. ಚಿಕ್ಕಮ್ಮನ ಲೆಕ್ಕವೇ ಬೇರೆ: "ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡಬೇಕು. ಈ ಮಹಾತಾಯಿ ತಾನೇ ಹೊತ್ತು ಬಂದಳು."

ಮೊದಲ ಸಲ ದೋಣಿ ಬಂದಾಗ ಅಕ್ಕಪಕ್ಕದವರು ಒಡವೆ, ಕಾಗದಪತ್ರ ಹಿಡಿದು ಹತ್ತಿದರು. ಚಿಕ್ಕಮ್ಮ ಹೂ ಬಿಟ್ಟಿದ್ದ ಡೇರೆ ಗಿಡಗಳನ್ನು ಕಿತ್ತು, ಕಾಂಡ ಕತ್ತರಿಸಿ, ಗೆಡ್ಡೆಗಳನ್ನು ದಿಂಬಿನ ಚೀಲಕ್ಕೆ ತುಂಬಿಕೊಂಡು ಹತ್ತಿದಳು. ಆ ಗೆಡ್ಡೆಗಳ ಪೂರ್ವಚರಿತ್ರೆ ಅಷ್ಟೇನೂ ಶುದ್ಧವಲ್ಲ. ಯಾರದೋ ಮದುವೆಮನೆ, ಯಾರದೋ ನಾಮಕರಣದ ಹಿತ್ತಿಲಿನಿಂದ ಸೆರಗಿನಡಿ ಬಂದಂಥವು. ಕದ್ದ ಗಿಡ ಚೆನ್ನಾಗಿ ಹತ್ತುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರ ಸಸ್ಯಶಾಸ್ತ್ರದ ಮೊದಲ ಪಾಠ.

ನೀರಿಳಿದಾಗ ಅಂಗಳದಲ್ಲಿ ಗೇಣುದ್ದ ಗೋಡು. ಗುದ್ದಲಿ ತಂದ ಚಿಕ್ಕಪ್ಪನನ್ನು ಅವಳು ಮೆಟ್ಟಿಲಲ್ಲೇ ತಡೆದಳು. ಹಸಿ ಮಣ್ಣು ತುಳಿದರೆ ಇಟ್ಟಿಗೆಯಾಗುತ್ತದಂತೆ. ವಾರ ಕಳೆದ ಮೇಲೆ ಪಕ್ಕದ ಮನೆಯ ಗುಲಾಬಿ ಬಾಡಿತು. ಅವರು ಪಾಪ, ಬಾಯಾರಿತೆಂದು ಬಿಂದಿಗೆ ಬಗ್ಗಿಸಿದರು. "ಅದಕ್ಕೆ ಉಸಿರು ಕಟ್ಟಿದೆ ಕಣ್ರೀ! ಬೇರಿಗೆ ಗಾಳಿ ಬೇಡವಾ?" ಎಂದು ಇವಳು ಬೇಲಿಯಾಚೆಯಿಂದ ಕೂಗಿದಳು. ಗುಲಾಬಿ ಹೋಯಿತು, ದಾಸವಾಳವೂ ಹೋಯಿತು. ಕೆಸು ಮಾತ್ರ ಹಬ್ಬಕ್ಕೆ ಬಂದ ಅಳಿಯನಂತೆ ಕೊಬ್ಬಿ ನಿಂತಿತು. ಆದರೆ ಚರಂಡಿ ನೀರು ಮುಟ್ಟಿದ ಎಲೆಯೆಂದು ಆ ವರ್ಷ ಪತ್ರೊಡೆ ಇಲ್ಲ.

ಉಳಿದ ಗಿಡಗಳಿಗೆಲ್ಲ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಸ್ನಾನವಾಯಿತು. ನಾನು ಎಲ್ಲೋ ಓದಿದ್ದನ್ನು ಹೇಳಿದೆ: ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು, ಅವಕ್ಕೆ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ಪ್ರೊಫೆಸರು ಗಮನಿಸಿದ, ಮುಂದೆ ಕೋಲ್ಮನ್ ಸಾಹೇಬರು ಮೈಸೂರು ಸಂಸ್ಥಾನದ ಅಡಿಕೆ ತೋಟಗಳಿಗೆ ಅದನ್ನು ತಂದರು. ಚಿಕ್ಕಮ್ಮನಿಗೆ ಹಿಡಿಸಿದ್ದು ಒಂದೇ ಅಂಶ. "ನೋಡು, ಕಳ್ಳರು ಇಲ್ಲದಿದ್ದರೆ ಔಷಧಿಯೇ ಇರುತ್ತಿರಲಿಲ್ಲ."

ನಷ್ಟ ಬರೆದುಕೊಳ್ಳಲು ಬಂದವರ ಕಾಗದದಲ್ಲಿ ಗೋಡೆಗೆ ಜಾಗವಿತ್ತು, ಪಾತ್ರೆಗೆ ಜಾಗವಿತ್ತು. ನಲವತ್ತಮೂರು ಹೂಕುಂಡ ಎಂದದ್ದಕ್ಕೆ ಆತ ಪೆನ್ನು ಮುಚ್ಚಿ ನಕ್ಕನಂತೆ. ಆ ನಗುವನ್ನು ಅವಳು ಇನ್ನೂ ಮರೆತಿಲ್ಲ. ಹೊಳೆಯನ್ನು ಯಾವತ್ತೋ ಕ್ಷಮಿಸಿದ್ದಾಳೆ. ಹೊಳೆಯ ಪಾತ್ರದಲ್ಲಿ ಸೈಟು ಹಂಚಿದವರ ಸುದ್ದಿ ಎತ್ತಿದರೆ ಮಾತ್ರ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಕೊಂಡದ್ದು ನಾವೇ ತಾನೆ.

2019ರಲ್ಲಿ ನೀರು ಬಂದಾಗ ಚಿಕ್ಕಮ್ಮ ಊರಲ್ಲಿರಲಿಲ್ಲ. ದಿಂಬಿನ ಚೀಲಕ್ಕೆ ಕೈ ಹಾಕುವವರಿಲ್ಲದೆ, ತುದಿಯಲ್ಲಷ್ಟೇ ಬಿಳುಪಿದ್ದ ಕಡುನೇರಳೆ ಡೇರೆ ಗೆಡ್ಡೆಸಮೇತ ಕೊಳೆಯಿತು. ನಿಮ್ಮ ಹಿತ್ತಿಲಲ್ಲೇನಾದರೂ ಆ ಜಾತಿ ಇದ್ದರೆ ತಿಳಿಸಿ. ಕೊಡಬೇಕೆಂದೇನಿಲ್ಲ. ಚಿಕ್ಕಮ್ಮ ಬಂದಾಗ ಕಾಫಿ ಮಾಡಲು ಒಂದೈದು ನಿಮಿಷ ಒಳಗೆ ಹೋದರೆ ಸಾಕು.